ಸೂಟ್‌ಕೇಸಿನ ಸಾರಿನಪುಡಿ ಎಷ್ಟು ದಿನ ಬಂದೀತು?

ಮೈಸೂರು

ಪ್ರೀತಿಯ ಪುಟ್ಟಿ,

ನಿನಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಿತೆಂದು ಹೇಳಲು ಫೋನ್ ಮಾಡಿದ ಅಣ್ಣ ಎರಡನೇ ಮಾತಿಗೇ ‘ಅಲ್ಲಿ ಏನು ತಿಂತಾಳೇ ಇವಳು?’ ಅಂದ. ಅತ್ತಿಗೆ ಆಗಲೇ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ ಅಂತ ಪಟ್ಟಿ ಬರೆದುಕೊಂಡು ಕೂತಿದ್ದಾರಂತೆ. 2001ರಲ್ಲಿ ನಾನು ನಿಮ್ಮ ಮಾವನ ಜೊತೆ ಅದೇ ಊರಿಗೆ ಹೊರಟಾಗ ನಿನ್ನ ಅಜ್ಜಿಯೂ ಹೀಗೇ ಮಾಡಿದ್ದರು. ಹನ್ನೊಂದು ವರ್ಷ ಅಲ್ಲಿ ಸಂಸಾರ ಮಾಡಿ ಬಂದವಳು ನಾನು. ನಿನ್ನ ಹಾಗೆ ಈಗ ಹೊರಟು ನಿಂತಿರುವ ಸಸ್ಯಾಹಾರಿ ಮನೆಗಳ ಮಕ್ಕಳು ಬಹಳ ಇದ್ದಾರೆ. ಅವರೂ ಓದಲಿ ಎಂದೇ ಈ ಪತ್ರವನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳುತ್ತೇನೆ. ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದದ್ದು ನಿನ್ನನ್ನು ಎರಡು ತಿಂಗಳು ಸಾಕೀತು. ಆಮೇಲೆ ನಿನ್ನ ಹೊಟ್ಟೆ ಕಾಯುವುದು ಆ ನೆಲದ ಅಡುಗೆಯ ಬಗ್ಗೆ ನಿನಗಿರುವ ತಿಳಿವಳಿಕೆ. ಅದನ್ನು ಎಷ್ಟು ಬೇಗ ಕಲಿಯುತ್ತೀಯೋ ಅಷ್ಟು ನೆಮ್ಮದಿ.

ನಾವು ಹೋದ ಮೊದಲ ವಾರದ ಮಾತು. ಒಂದು ಸಂಜೆ ಹೋಟೆಲಿನ ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟ ಮಾದರಿಗಳಲ್ಲಿ ತೋಫುವಿನ ಬಟ್ಟಲೊಂದನ್ನು ಬೆರಳು ಮಾಡಿ ತೋರಿಸಿ ತರಿಸಿಕೊಂಡೆ. ಕರಿದ ಬಿಸಿ ತೋಫು, ಸುತ್ತ ತಿಳಿಯಾದ ಕಂದು ರಸ, ಮೇಲೆ ತುರಿದ ಮೂಲಂಗಿ. ಅದರ ಮೇಲೆ, ಬಡಗಿ ಉಜ್ಜುಗೊರಡು ಆಡಿಸಿದಾಗ ಸುರುಳಿಯಾಗಿ ಏಳುವ ಮರದ ಸಿಪ್ಪೆಯಂಥ ತೆಳು ಚೂರುಗಳು. ಬಟ್ಟಲಿನ ಬಿಸಿಗೆ ಅವು ಜೀವ ಇರುವ ಹಾಗೆ ಅಲುಗಾಡುತ್ತಿದ್ದವು. ಯಾವುದೋ ಮರದ ತೊಗಟೆ, ಮಸಾಲೆ ಪದಾರ್ಥ ಇರಬೇಕು ಎಂದುಕೊಂಡು ಎರಡು ತುತ್ತು ತಿಂದೆ. ಎದುರಿಗಿದ್ದ ನಿಮ್ಮ ಮಾವನ ಸಹೋದ್ಯೋಗಿ ಆಮೇಲೆ ಹೇಳಿದರು: ಅದು ಕತ್ಸುವೊಬುಶಿ. ಕತ್ಸುವೊ ಎಂಬ ಸಮುದ್ರದ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಆಮೇಲೆ ನಿಜವಾಗಿಯೂ ಉಜ್ಜುಗೊರಡಿನಂಥ ಅಲಗಿರುವ ಪೆಟ್ಟಿಗೆಯ ಮೇಲೆ ಅದನ್ನು ಹೆರೆಯುತ್ತಾರೆ. ಆ ರಾತ್ರಿ ನಾನು ಅತ್ತುಬಿಟ್ಟೆ.

ಮೇಲೆ ಉದುರಿಸಿದ ಚೂರು ಕಣ್ಣಿಗಾದರೂ ಕಾಣುತ್ತದೆ, ಪುಟ್ಟಿ. ಅದೇ ಚೂರನ್ನು ಬಿಸಿನೀರಿನಲ್ಲಿ ಹಾಕಿ ಸೋಸಿ ತೆಗೆದ ರಸ ಕಾಣುವುದಿಲ್ಲ. ಅದಕ್ಕೆ ‘ದಾಶಿ’ ಎನ್ನುತ್ತಾರೆ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ಹುದುಗಿಸಿದ ಸೋಯಾ ಮುದ್ದೆ ಮಿಸೊವಿನ ಸೂಪು, ಉದೊನ್ ಶಾವಿಗೆ, ಸೊಬಾ ಶಾವಿಗೆ ಅದ್ದಿಕೊಳ್ಳುವ ರಸ, ಬೇಯಿಸಿದ ಕುಂಬಳಕಾಯಿ, ಎಲ್ಲದರ ಅಡಿಯಲ್ಲೂ ಅದು ಇರುತ್ತದೆ. ಬರೀ ತರಕಾರಿ ತಾನೇ ಎಂದು ನಂಬಿ ತಿಂದವರು ಅಲ್ಲಿ ಮೋಸ ಹೋಗುತ್ತಾರೆ. ಮೋಸ ಮಾಡುವವರು ಮಾತ್ರ ಅಲ್ಲಿ ಯಾರೂ ಇಲ್ಲ. ಇದನ್ನು ಸರಿಯಾಗಿ ಅರ್ಥ ಮಾಡಿಕೋ.

ನೀನು ‘ಮಾಂಸ ಬೇಡ’ ಎನ್ನುತ್ತೀಯ. ಅವರು ಪ್ರಾಮಾಣಿಕವಾಗಿ ಮಾಂಸ ತೆಗೆದು ಮೀನು ಕೊಡುತ್ತಾರೆ. ಯಾಕೆಂದರೆ ಅವರ ‘ನಿಕು’ ಎಂಬ ಮಾತಿನಲ್ಲಿ ಮೀನು ಸೇರುವುದಿಲ್ಲ. ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ಈ ಐದರ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಬಾರದೆಂದು ಕಟ್ಟಳೆ ಮಾಡಿದ. ಬೌದ್ಧಧರ್ಮದ ಪ್ರಭಾವದಲ್ಲಿ ಆಮೇಲೂ ಇಂಥ ನಿಷೇಧಗಳು ಬಂದವು. ಮೀನಿಗೆ ಮಾತ್ರ ಆ ಕಟ್ಟು ತಟ್ಟಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದದ್ದೇ ದೊಡ್ಡ ಸುದ್ದಿಯಾಯಿತು ಎಂದರೆ, ಮಾಂಸ ಆ ಜನಕ್ಕೆ ಎಷ್ಟು ಕಾಲ ದೂರದ ವಸ್ತುವಾಗಿತ್ತು ಎಂದು ಯೋಚಿಸು. ಮೀನು ಅವರಿಗೆ ಅನ್ನದ ಜೊತೆಗಿನ ಸಾಮಾನ್ಯ ಪದಾರ್ಥ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲೂ ಹಾಗೇ ಅಲ್ಲವೇ?

ಆದ್ದರಿಂದ ‘ಇದು ವೆಜ್ಜಾ?’ ಎಂದು ಕೇಳಬೇಡ. ಆ ಪದಕ್ಕೆ ಅಲ್ಲಿ ಒಬ್ಬೊಬ್ಬರೂ ಒಂದೊಂದು ಅರ್ಥ ಹಚ್ಚುತ್ತಾರೆ. ಬೇಡದ್ದನ್ನು ಒಂದೊಂದಾಗಿ ಹೆಸರಿಟ್ಟು ಹೇಳು: ‘ನಿಕು ಮೊ, ಸಕನಾ ಮೊ, ಕತ್ಸುವೊದಾಶಿ ಮೊ ತಬೆರಾರೆಮಾಸೆನ್.’ ಮಾಂಸವನ್ನೂ, ಮೀನನ್ನೂ, ಕತ್ಸುವೊ ದಾಶಿಯನ್ನೂ ತಿನ್ನಲಾರೆ ಎಂದು ಅರ್ಥ. ಮೊಟ್ಟೆ ತಿನ್ನದಿದ್ದರೆ ‘ತಮಾಗೊ ಮೊ’ ಎಂದು ಸೇರಿಸು. ಇದನ್ನೇ ಆಫೀಸಿನ ಯಾರಿಂದಲಾದರೂ ಒಂದು ಚೀಟಿಯಲ್ಲಿ ಜಪಾನಿ ಲಿಪಿಯಲ್ಲಿ ಬರೆಸಿಕೊಂಡು ಪರ್ಸಿನಲ್ಲಿಟ್ಟುಕೋ. ಬಾಯಿಮಾತು ಸೋತಲ್ಲಿ ಚೀಟಿ ಕೆಲಸ ಮಾಡುತ್ತದೆ. ‘ನಮ್ಮಲ್ಲಿ ಆಗುವುದಿಲ್ಲ’ ಎಂದು ತಲೆಬಾಗಿ ಹೇಳಿದರೆ ಬೇಸರಪಡದೆ ಎದ್ದು ಬಾ. ಕೊಡಲಾಗದ್ದನ್ನು ಕೊಡುತ್ತೇನೆ ಎನ್ನದಿರುವುದು ಅವರ ಪ್ರಾಮಾಣಿಕತೆ.

ಎರಡನೆಯದು, ಅಕ್ಷರ. ಮಾತಿಗಿಂತ ಮೊದಲು ನಾಲ್ಕು ಅಕ್ಷರ ಕಲಿ. ಮಾಂಸದ ಅಕ್ಷರ ಕೆಳಗೆ ತೆರೆದ ಮನೆಯೊಳಗೆ ಇಬ್ಬರು ಮನುಷ್ಯರು ಒಬ್ಬರ ಮೇಲೊಬ್ಬರು ನಿಂತ ಹಾಗಿರುತ್ತದೆ. ಮೀನಿನ ಅಕ್ಷರಕ್ಕೆ ಬುಡದಲ್ಲಿ ನಾಲ್ಕು ಚುಕ್ಕೆ. ಬಹುಪಾಲು ಮೀನುಗಳ ಹೆಸರಿನ ಎಡಭಾಗದಲ್ಲಿ ಅದೇ ಅಕ್ಷರ ಕೂತಿರುತ್ತದೆ. ಕತ್ಸುವೊ ಎಂಬುದನ್ನು ಸರಳ ಲಿಪಿಯ ಮೂರು ಅಕ್ಷರಗಳಲ್ಲೂ ಬರೆಯುತ್ತಾರೆ, ಅದನ್ನು ಕಣ್ಣಿಗೆ ರೂಢಿ ಮಾಡಿಕೋ. ಪೊಟ್ಟಣದ ಮೇಲೆ ಅಲರ್ಜಿಯ ಸೂಚನೆ ಇರುತ್ತದೆ. ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿ ಇಂಥವನ್ನು ಕಾನೂನಿನ ಪ್ರಕಾರ ನಮೂದಿಸಲೇಬೇಕು. ಕತ್ಸುವೊ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಲರ್ಜಿಯ ಚೌಕ ನೋಡಿ ತೃಪ್ತಳಾಗದೆ ಪದಾರ್ಥಗಳ ಸಾಲನ್ನು ಪೂರ್ತಿ ಓದು. ಬ್ರೆಡ್ಡಿನಲ್ಲಿ ಹಂದಿಯ ಕೊಬ್ಬು, ಮೊಸರಿನಲ್ಲಿ ಜೆಲಟಿನ್, ಆಲೂಗಡ್ಡೆ ಚಿಪ್ಸಿನಲ್ಲಿ ಕೋಳಿಯ ಸತ್ವ ಇರಬಹುದು. ನಾತ್ತೊ ಎಂಬ ಹುದುಗಿಸಿದ ಸೋಯಾ ಕಾಳು ಶುದ್ಧ ಸಸ್ಯಾಹಾರ, ಆದರೆ ಡಬ್ಬಿಯೊಳಗಿನ ಸಣ್ಣ ರಸದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಕತ್ಸುವೊ ಇರುತ್ತದೆ. ಪೊಟ್ಟಣ ತೆಗೆದಿಟ್ಟು ಸೋಯಾ ಸಾಸ್ ಹಾಕಿಕೊಂಡರೆ ಆಯಿತು. ಈಗ ಫೋನಿನ ಕ್ಯಾಮೆರಾ ಹಿಡಿದರೆ ಅಕ್ಷರ ಅನುವಾದವಾಗುತ್ತದಂತೆ. ಒಳ್ಳೆಯದೇ. ಆದರೂ ಅಕ್ಷರ ಕಲಿ, ಆ ಕಲಿಕೆಯಿಂದ ಊರು ಹತ್ತಿರವಾಗುತ್ತದೆ.

ಇನ್ನು ನನ್ನ ಬಾಗಿಲು ತೆರೆದ ಕಥೆ ಹೇಳುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ನಾನು ಮೀನಿನ ರಸವನ್ನೂ ತಿನ್ನುವುದಿಲ್ಲ ಎಂದಾಗ ಮೊದಲು ಅವರಿಗೆ ಗಾಬರಿ. ಯಾವುದಾದರೂ ಕಾಯಿಲೆಯೇ ಎಂದು ಕೇಳಿದರು. ಇಲ್ಲ, ನಮ್ಮ ಮನೆತನದ ಪದ್ಧತಿ ಎಂದೆ. ಒಂದು ಗಳಿಗೆ ಸುಮ್ಮನಿದ್ದು, ಮುಖ ಅರಳಿಸಿ ‘ಓ, ಶೋಜಿನ್!’ ಅಂದರು. ತಮ್ಮ ಬಾಲ್ಯದಲ್ಲಿ ಮನೆಯಲ್ಲಿ ಸಾವಾದಾಗ, ಹಿರಿಯರನ್ನು ನೆನೆಯುವ ದಿನಗಳಲ್ಲಿ ಅಮ್ಮ ಮೀನು ಮುಟ್ಟದೆ ಅಡುಗೆ ಮಾಡುತ್ತಿದ್ದರೆಂದು ನೆನೆಸಿಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು ತಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡರು. ಹಿಂದಿನ ರಾತ್ರಿಯೇ ಗಾಜಿನ ಹೂಜಿಯಲ್ಲಿ ಅಂಗೈಯಗಲದ ಕೊಂಬು, ಅಂದರೆ ಒಣಗಿಸಿದ ಕಡಲಪಾಚಿ, ಎರಡು ಒಣ ಶಿಯಿತಾಕೆ ಅಣಬೆ ನೆನೆಹಾಕಿದ್ದರು. ಕೊಂಬುವಿನ ಮೇಲಿನ ಬಿಳಿ ಪುಡಿಯನ್ನು ತೊಳೆಯಬೇಡ, ರುಚಿಯೆಲ್ಲ ಅದರಲ್ಲೇ ಇದೆ ಎಂದರು. ಆ ಹೊಂಬಣ್ಣದ ನೀರನ್ನು ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುಂಚೆ ಕೊಂಬು ತೆಗೆದು, ಮೂಲಂಗಿ, ತೋಫು ಹಾಕಿ, ಒಲೆ ಆರಿಸಿದ ಮೇಲೆ ಮಿಸೊ ಕರಗಿಸಿದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಆ ನೆಲದಲ್ಲಿ ನಿಶ್ಚಿಂತೆಯಿಂದ ಕುಡಿದ ಮೊದಲ ಸೂಪು ಅದು.

ಶೋಜಿನ್ ಎಂಬ ಈ ಬೌದ್ಧ ಸಸ್ಯಾಹಾರಿ ಅಡುಗೆ ಕೊರತೆಯ ಅಡುಗೆಯೂ ಅಲ್ಲ. ಈಗ ಎಲ್ಲರೂ ಹೇಳುವ ‘ಉಮಾಮಿ’ ರುಚಿಯನ್ನು 1908ರಲ್ಲಿ ಪ್ರೊಫೆಸರ್ ಕಿಕುನಾಯೆ ಇಕೆದಾ ಗುರುತಿಸಿದ್ದು ಇದೇ ಕೊಂಬುವಿನ ರಸದಿಂದ. ‘ಶೋಜಿನ್’ ಎಂಬ ಪದ ಬೌದ್ಧರ ‘ವೀರ್ಯ’ ಪಾರಮಿತೆಯ, ಅಂದರೆ ಎಡೆಬಿಡದ ಸಾಧನೆಯ, ಅನುವಾದ. ನಮ್ಮ ನೆಲದಿಂದ ಹೊರಟ ಮಾತು ಚೀನಾ ದಾಟಿ ಅವರ ಅಡುಗೆಮನೆ ಸೇರಿದೆ. ಈ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಿನಗೆ ನಮ್ಮ ಶ್ರಾದ್ಧದ ಅಡುಗೆ ನೆನಪಾದೀತು. ರಜೆ ಸಿಕ್ಕಾಗ ಕೋಯಾಸಾನ್ ಬೆಟ್ಟಕ್ಕೆ ಹೋಗು. ಒಂಬತ್ತನೇ ಶತಮಾನದಲ್ಲಿ ಕೂಕಾಯ್ ಸ್ಥಾಪಿಸಿದ ಕ್ಷೇತ್ರ ಅದು. ಅಲ್ಲಿಯ ಮಠಗಳಲ್ಲಿ ಉಳಿದುಕೊಂಡರೆ ಶೋಜಿನ್ ಊಟ ಬಡಿಸುತ್ತಾರೆ. ಎಳ್ಳಿನಿಂದ ಮಾಡಿದ ಗೊಮಾದೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾದೋಫು, ಸಣ್ಣ ಸಣ್ಣ ಬಟ್ಟಲುಗಳಲ್ಲಿ ಎಲೆಯ ಮೇಲಿನಷ್ಟೇ ಬಗೆ.

ಝೆನ್ ಗುರು ದೋಗೆನ್ 1237ರಲ್ಲಿ ಮಠದ ಬಾಣಸಿಗನಿಗಾಗಿಯೇ ಒಂದು ಗ್ರಂಥ ಬರೆದರು. ಅದರಲ್ಲಿ ತಾವು ಚೀನಾಕ್ಕೆ ಹೋದಾಗಿನ ಪ್ರಸಂಗ ಹೇಳುತ್ತಾರೆ. ಹಡಗು ಬಂದರಿನಲ್ಲಿ ನಿಂತಿದ್ದಾಗ ವಯಸ್ಸಾದ ಮಠದ ಬಾಣಸಿಗರೊಬ್ಬರು ಭಿಕ್ಷುಗಳ ಅಡುಗೆಗೆ ಅಣಬೆ ಕೊಳ್ಳಲು ಬಹುದೂರದಿಂದ ನಡೆದು ಬಂದಿದ್ದರಂತೆ. ಈ ವಯಸ್ಸಿನಲ್ಲಿ ಧ್ಯಾನ ಬಿಟ್ಟು ಅಡುಗೆ ಯಾಕೆ ಎಂದು ದೋಗೆನ್ ಕೇಳಿದರೆ, ಪರದೇಶದವನೇ, ನಿನಗಿನ್ನೂ ಸಾಧನೆ ಎಂದರೇನೆಂದು ತಿಳಿದಿಲ್ಲ ಎಂದು ನಕ್ಕರಂತೆ. ದೋಗೆನ್ ಕೂಡ ಅಂದು ಪರದೇಶಿಯೇ, ಪುಟ್ಟಿ. ಕಲಿತದ್ದು ಅಡುಗೆಯವರ ಹತ್ತಿರ.

ನಿನ್ನ ಅಡುಗೆಮನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿಂದ ಮಿಕ್ಸಿ ಒಯ್ಯಬೇಡ. ಅಲ್ಲಿಯ ವಿದ್ಯುತ್ತು 100 ವೋಲ್ಟ್, ನಮ್ಮ 230 ವೋಲ್ಟಿನ ಮೋಟಾರಿಗೆ ಸಾಲದು. ಬಾಡಿಗೆ ಮನೆಯಲ್ಲಿ ಒಂದೇ ಒಲೆ, ಅದೂ ಇಂಡಕ್ಷನ್ ಇರಬಹುದು, ಆದ್ದರಿಂದ ಇಂಡಕ್ಷನ್ ತಳದ ಕುಕ್ಕರ್ ತೆಗೆದುಕೋ. ಕರಿಬೇವು, ತೆಂಗಿನಕಾಯಿ ಅಂತ ಹಸಿ ಪದಾರ್ಥ ಒಯ್ಯಬೇಡ. ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು. ತೊಗರಿಬೇಳೆ, ಸಾಸಿವೆ, ಹುಣಿಸೆಹಣ್ಣಿಗೆ ಯೋಚನೆ ಬೇಡ. ಎದೊಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ ಭಾರತೀಯ ಸಂಸಾರಗಳು ಬಹಳ ಇವೆ, ಅಂಗಡಿಗಳೂ ಇವೆ.

ಆದರೆ ಪ್ರತಿ ವಾರ ಅಲ್ಲಿಗೇ ಓಡಬೇಡ. ನಿನ್ನ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲೇ ನಮ್ಮೂರಿನ ಅರ್ಧ ಸಂತೆ ಇದೆ. ‘ಸತೊಯಿಮೊ’ ಎಂದರೆ ನಮ್ಮ ಕೆಸುವಿನ ಗೆಡ್ಡೆಯ ಜಾತಿ. ‘ಗೋಯಾ’ ಹಾಗಲಕಾಯಿ. ‘ಓಕುರಾ’ ಬೆಂಡೆಕಾಯಿ. ‘ರೆಂಕೊನ್’ ತಾವರೆಯ ಗೆಡ್ಡೆ. ಸಿಹಿಕುಂಬಳ, ಮೂಲಂಗಿ, ಎಳ್ಳು ಕೇಳುವುದೇ ಬೇಡ. ‘ಆಂಕೊ’ ಎಂಬ ಸಿಹಿ ಬೇಳೆಮುದ್ದೆ ತಿಂದರೆ ಹೋಳಿಗೆಯ ಹೂರಣ ನೆನಪಾಗುತ್ತದೆ. ಚಳಿಗಾಲದಲ್ಲಿ ಸುಟ್ಟ ಗೆಣಸು ಮಾರುವ ಗಾಡಿ ರಾಗವಾಗಿ ಕೂಗುತ್ತ ಬೀದಿಯಲ್ಲಿ ಬರುತ್ತದೆ. ಕಾಗದದಲ್ಲಿ ಸುತ್ತಿಕೊಟ್ಟ ಬಿಸಿ ಗೆಣಸಿಗೆ ಯಾವ ಪ್ರಶ್ನೆಯನ್ನೂ ಕೇಳಬೇಕಿಲ್ಲ. ಅಲ್ಲಿಯ ಅಕ್ಕಿ ಗುಂಡಗೆ, ಅಂಟು. ತಿಳಿಸಾರಿಗೆ ಹೊಂದುವುದಿಲ್ಲ, ಬಿಸಿಬೇಳೆಬಾತಿಗೆ ಬಲು ಸೊಗಸು.

ಆಫೀಸಿನ ಸಂಜೆಯ ಕೂಟಗಳನ್ನು ಊಟದ ಕಾರಣಕ್ಕೆ ತಪ್ಪಿಸಬೇಡ. ವ್ಯವಸ್ಥೆ ಮಾಡುವವರಿಗೆ ವಾರ ಮೊದಲೇ ಚೀಟಿ ತೋರಿಸು, ಕೊನೇ ಗಳಿಗೆಯಲ್ಲಿ ಹೇಳಿದರೆ ಅವರಿಗೆ ಮುಜುಗರ. ಮನೆಯಲ್ಲೇ ಸ್ವಲ್ಪ ತಿಂದು ಹೋಗು, ನಿನ್ನ ಪಾಲಿನ ದುಡ್ಡು ಪೂರ್ತಿ ಕೊಡು, ಪಕ್ಕದವರ ತಟ್ಟೆ ನೋಡಿ ಮುಖ ಸಿಂಡರಿಸಬೇಡ. ಸಸ್ಯಾಹಾರ ನಿನ್ನ ವ್ರತ. ಇನ್ನೊಬ್ಬರನ್ನು ಅಳೆಯುವ ಕೋಲಲ್ಲ. ನಮ್ಮ ಕರ್ನಾಟಕದಲ್ಲೇ ಮೀನು ಮಾಂಸ ತಿನ್ನುವವರು ಹೆಚ್ಚು ಎಂಬುದನ್ನು ಮರೆಯಬೇಡ. ಜೊತೆಗೆ ಬಂದ ಗೆಳತಿ ಅಲ್ಲಿ ಮೀನು ತಿನ್ನಲು ಶುರು ಮಾಡಿದರೆ ಅವಳ ಸುದ್ದಿಯನ್ನು ಊರಿಗೆ ಮುಟ್ಟಿಸಬೇಡ. ನೀನೇ ತಿಳಿಯದೆ ಏನಾದರೂ ತಿಂದುಬಿಟ್ಟರೆ ನನ್ನ ಹಾಗೆ ರಾತ್ರಿಯೆಲ್ಲ ಅಳಬೇಡ. ಬಾಯಿ ತೊಳೆದುಕೊಂಡು, ಆ ಪದಾರ್ಥದ ಹೆಸರು ಬರೆದಿಟ್ಟುಕೋ. ಸಾಕು.

ಊಟಕ್ಕೆ ಮುಂಚೆ ಅವರು ಕೈಮುಗಿದು ‘ಇತಾದಕಿಮಾಸು’ ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅರ್ಥ. ಅದನ್ನು ಮೊದಲ ದಿನದಿಂದಲೇ ಹೇಳು.

ಅತ್ತಿಗೆ ಕಟ್ಟಿಕೊಡುವ ಪುಡಿಗಳನ್ನೆಲ್ಲ ತೆಗೆದುಕೊಂಡು ಹೋಗು, ಬೇಡ ಎನ್ನಬೇಡ, ಅವರಿಗೆ ಅದೇ ಸಮಾಧಾನ. ಅಲ್ಲಿಗೆ ಹೋದ ಮೊದಲ ಸಂಜೆ ಮಾತ್ರ ನನ್ನದೊಂದು ಮಾತು ನಡೆಸಿಕೊಡು. ಹತ್ತಿರದ ಅಂಗಡಿಯಿಂದ ಒಂದು ಪೊಟ್ಟಣ ಕೊಂಬು ತಂದು, ಅಂಗೈಯಗಲದ ಒಂದು ತುಂಡನ್ನು ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ ಮಲಗು. ಬೆಳಿಗ್ಗೆ ಸೂಪು ಮಾಡಿ ಕುಡಿದು ನನಗೆ ಫೋನ್ ಮಾಡು.

ಇಂತಿ,
ನಿನ್ನ ಸೋದರತ್ತೆ