ಕುರ್ಚಿಯ ಮೇಲೆ ಬಳ್ಳಿ

ಕುರ್ಚಿ, ಮೇಜು, ಮಂಚ, ಬೀರು. ಇವಕ್ಕೆಲ್ಲ ಸೇರಿ ಒಂದು ದೊಡ್ಡ ಹೆಸರಿದೆ. ಪೀಠೋಪಕರಣ. ಬಿಡಿಸಿ ಓದೋಣ. ಪೀಠ, ಉಪಕರಣ.

ಕೆಲವು ಕುರ್ಚಿಗಳ ಮೇಲೆ ಹೂವು, ಬಳ್ಳಿ, ಹಂಸ ಕೆತ್ತಿರುತ್ತಾರೆ. ಆ ಬಳ್ಳಿ ಎಲ್ಲಿ ಶುರುವಾಗಬೇಕು? ಎಲ್ಲಿ ಮುಗಿಯಬೇಕು? ಇದನ್ನು ಮೊದಲೇ ಯೋಚಿಸಿ ಚಿತ್ರ ಬರೆಯುವವರು ಇದ್ದಾರೆ. ಅವರನ್ನು ವಿನ್ಯಾಸಕಾರರು ಅಂತಾರೆ.

ಅವರು ಕಾಗದವನ್ನು ನಡುವೆ ಮಡಿಚುತ್ತಾರೆ. ಅರ್ಧ ಬಳ್ಳಿ ಬರೆಯುತ್ತಾರೆ. ಅದನ್ನೇ ಇನ್ನೊಂದು ಕಡೆಗೆ ಇಳಿಸುತ್ತಾರೆ. ಎಡ ಬಲ ಒಂದೇ ಥರ ಬರುತ್ತೆ. ರಂಗೋಲಿ ಹಾಕುವ ನಮಗೆ ಇದೇನು ಹೊಸದಲ್ಲ. ಎಡಕ್ಕೆ ಎಳೆದ ಎಳೆಯನ್ನೇ ಬಲಕ್ಕೂ ಎಳೀತೀವಿ ಅಲ್ಲವೆ?

ಆಮೇಲೆ ಕಾರ್ಬನ್ ಹಾಳೆ ಇಟ್ಟು ಚಿತ್ರವನ್ನು ಹಲಗೆಗೆ ಇಳಿಸುತ್ತಾರೆ. ಉಳಿ ಹಿಡಿದು ಕೊಡತಿಯಿಂದ ಮೆಲ್ಲಗೆ ಬಡಿಯುತ್ತಾರೆ. ಮೊದಲು ಹೂವಿನ ಸುತ್ತಲ ಮರ ತೆಗೆಯುತ್ತಾರೆ. ಆಗ ಹೂವು ಮೇಲೆದ್ದು ಕಾಣುತ್ತೆ. ಸಣ್ಣ ಉಳಿಯಿಂದ ಎಸಳು ಬಿಡಿಸುತ್ತಾರೆ. ಕೊನೆಗೆ ಮರಳು ಕಾಗದದಿಂದ ಉಜ್ಜುತ್ತಾರೆ.

ಮರಕ್ಕೂ ಎಳೆ ಇದೆ. ಸೌದೆ ಒಡೆಯುವಾಗ ನೋಡಿದ್ದೀರಿ. ಎಳೆಯ ಉದ್ದಕ್ಕೆ ಏಟು ಹಾಕಿದರೆ ಸಲೀಸಾಗಿ ಸೀಳುತ್ತೆ. ಬಳ್ಳಿಯ ತೆಳು ಕಾಂಡ ಎಳೆಯ ಉದ್ದಕ್ಕೇ ಹೋಗಬೇಕು. ಎಳೆಗೆ ಅಡ್ಡವಾಗಿ ಹೋದರೆ ಒಂದು ಪೆಟ್ಟಿಗೆ ಮುರಿಯುತ್ತೆ.

ಬೆನ್ನು ಒರಗುವ ಕಡೆ ಕೆತ್ತನೆ ಬೇಡ. ಚುಚ್ಚುತ್ತೆ. ಮೇಲಿನ ಅಂಚಿನಲ್ಲಿ ಇದ್ದರೆ ಚೆಂದ. ಇನ್ನೊಂದು ಮಾತು. ಕುರ್ಚಿ ತುಂಬಾ ಕೆತ್ತನೆ ಇದ್ದರೆ ಧೂಳು ಒರೆಸೋರು ಯಾರು? ಚಿತ್ರ ಬರೆಯುವವರು ಒರೆಸುವವರನ್ನೂ ಒಂದು ಮಾತು ಕೇಳಿದರೆ ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಮರದ ಕೆತ್ತನೆಗೆ ಗುಡಿಗಾರರು ಹೆಸರಾದವರು. ಸಾಗರ, ಸೊರಬ, ಸಿರಸಿ, ಕುಮಟಾ ಕಡೆ ಇದ್ದಾರೆ. ಗಂಧದ ಮರದ ಎಳೆ ಬಲು ಒತ್ತು. ಅದರಲ್ಲಿ ತೀರಾ ಸಣ್ಣ ಗೆರೆಯೂ ನಿಲ್ಲುತ್ತೆ. ಆದರೆ ಗಂಧ ದುಬಾರಿ. ಹಾಗಾಗಿ ಅದರಲ್ಲಿ ಪೆಟ್ಟಿಗೆ, ಮೂರ್ತಿ ಮಾಡುತ್ತಾರೆ. ಕುರ್ಚಿ, ಬಾಗಿಲುಗಳಿಗೆ ತೇಗ, ಬೀಟೆ ಬಳಸುತ್ತಾರೆ.

ಮೈಸೂರಿನ ಹಳೆಯ ಅರಮನೆ ಮರದ್ದು. 1897ರಲ್ಲಿ ಬೆಂಕಿ ಬಿದ್ದು ಸುಟ್ಟಿತು. ಈಗಿನ ಅರಮನೆ 1912ರಲ್ಲಿ ಮುಗಿಯಿತು. ಅಲ್ಲಿ ಬೀಟೆ ಬಾಗಿಲಿಗೆ ಆನೆ ದಂತದ ಚೂರು ಕೂಡಿಸಿ ಚಿತ್ರ ಮಾಡಿದ್ದಾರೆ. ಈಗ ದಂತ ಮಾರುವಂತಿಲ್ಲ. ಮೈಸೂರಿನ ಕುಶಲ ಕೆಲಸದವರು ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸುತ್ತಾರೆ.

ಈಗ ಕಂಪ್ಯೂಟರ್ ಯಂತ್ರವೂ ಮರ ಕೆತ್ತುತ್ತೆ. ಅದು ಕೆಟ್ಟದ್ದೇನಲ್ಲ. ಆದರೆ ಯಂತ್ರದ ಕೆಲಸಕ್ಕೆ ಕೈಕೆಲಸದ ಬೆಲೆ ಯಾಕೆ ಕೊಡಬೇಕು? ಹೂವುಗಳನ್ನು ಹೋಲಿಸಿ ನೋಡಿ. ಕೈಯಲ್ಲಿ ಕೆತ್ತಿದ ಎರಡು ಹೂವು ಅಚ್ಚಿನ ಹಾಗೆ ಒಂದೇ ಇರಲ್ಲ. ಕೆಲವರು ಹೂವನ್ನು ಬೇರೆ ಮಾಡಿ ಅಂಟಿಸುತ್ತಾರೆ. ಅಂಟು ಬಿಟ್ಟರೆ ಹೂವು ಉದುರಿತು. ಹೂವಿನ ಬುಡದಲ್ಲಿ ಬೆರಳು ಆಡಿಸಿ. ಅಂಟಿಸಿದ ಗೆರೆ ಕೈಗೆ ಸಿಗುತ್ತೆ.

ಅಂಗಡಿಯವರು ಬಾಯಲ್ಲಿ ತೇಗ ಅಂತಾರೆ. ಅದನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ನೀವೇ ಓದಿ ನೋಡಿ. ಆಮೇಲೆ ಹಣ ಕೊಡಿ.

ಅಭ್ಯಾಸ

ಈ ಚೀಟಿ ಓದಿ.

ಮಂಚ 1. ಉದ್ದ 6 ಅಡಿ. ಅಗಲ 4 ಅಡಿ. ಕೆತ್ತನೆ ಕೈಕೆಲಸ. ಮುಂಗಡ 2,000 ರೂಪಾಯಿ.

ಇದರಲ್ಲಿ ಎರಡು ಮುಖ್ಯ ವಿಷಯ ಬಿಟ್ಟಿದ್ದಾರೆ. ಅವು ಯಾವುವು? ನಿಮ್ಮ ಪುಸ್ತಕದಲ್ಲಿ ಬರೆಯಿರಿ.