ಊರಿನ ತಳಿ ಉಳಿಸಲು ಜೀವವೈವಿಧ್ಯ ದಾಖಲಾತಿ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಸಮುದ್ರ ಸೇರುವೆಡೆಯ ತಗ್ಗು ಭೂಮಿಗೆ ಗಜನಿ ಎಂದು ಹೆಸರು. ಉಬ್ಬರದ ಉಪ್ಪುನೀರು ನುಗ್ಗುವ ಈ ಭೂಮಿಗೆ ಒಗ್ಗಿದ ಭತ್ತದ ತಳಿ ಕಗ್ಗ. ಇದು ಉಪ್ಪಿನಂಶವನ್ನೂ, ಕೆಲವು ದಿನ ನೆರೆಯಲ್ಲಿ ಮುಳುಗಿರುವುದನ್ನೂ ತಾಳಿಕೊಳ್ಳುತ್ತದೆ. ರಾಸಾಯನಿಕ ಗೊಬ್ಬರ ಬೇಡುವುದಿಲ್ಲ. ತೆನೆ ಮಾತ್ರ ಕೊಯ್ದು ನೀರಿನಲ್ಲಿ ಬಿಟ್ಟ ಹುಲ್ಲು ಮೀನು, ಸೀಗಡಿಗಳಿಗೆ ಆಸರೆಯಾಗುತ್ತದೆ.

ಸೀಗಡಿ ಸಾಕಣೆ ಹೆಚ್ಚಿದಂತೆ ಕಗ್ಗ ಬೆಳೆಯುವ ಕ್ಷೇತ್ರ ಕುಗ್ಗಿದೆ. ಒಂದೆರಡು ವರ್ಷ ಬಿತ್ತನೆ ತಪ್ಪಿದರೆ ಮನೆಯಲ್ಲಿಟ್ಟ ಬೀಜದ ಮೊಳಕೆಯ ಶಕ್ತಿ ಕುಂದುತ್ತದೆ. ಬೀಜ ಹೋದರೆ ಗಜನಿಗೆ ಹೊಂದುವ ಬೆಳೆಯೂ ಹೋದಂತೆ.

ರಾಷ್ಟ್ರದ ಯೋಜನೆ

1992ರ ರಿಯೊ ಸಮ್ಮೇಳನದ ಜೀವವೈವಿಧ್ಯ ಒಪ್ಪಂದವನ್ನು ಭಾರತವು 1994ರಲ್ಲಿ ಅನುಮೋದಿಸಿತು. 2002ರಲ್ಲಿ ಜೀವವೈವಿಧ್ಯ ಕಾಯಿದೆ ಬಂದಿತು. 2003ರಲ್ಲಿ ಚೆನ್ನೈಯಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಸ್ಥಾಪನೆಯಾಯಿತು. 2008ರ ರಾಷ್ಟ್ರೀಯ ಕ್ರಿಯಾಯೋಜನೆಯನ್ನು 2024ರಲ್ಲಿ ಪರಿಷ್ಕರಿಸಿ, 2030ರೊಳಗೆ ಸಾಧಿಸಬೇಕಾದ 23 ಗುರಿಗಳನ್ನು ಹಾಕಿಕೊಳ್ಳಲಾಗಿದೆ.

ಗ್ರಾಮದ ಪಾತ್ರ

ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಇದರ ಮುಖ್ಯ ಕೆಲಸ. ಸಮಿತಿಯ ವ್ಯಾಪ್ತಿಯ ಜೈವಿಕ ಸಂಪನ್ಮೂಲದ ಬಳಕೆ ಕುರಿತು ನಿರ್ಧರಿಸುವಾಗ ಪ್ರಾಧಿಕಾರವೂ ರಾಜ್ಯ ಮಂಡಳಿಯೂ ಸಮಿತಿಯೊಡನೆ ಸಮಾಲೋಚಿಸಬೇಕು. ದಾಖಲಾತಿ ಇಲ್ಲದ ಊರಿಗೆ ತನ್ನ ತಳಿಯನ್ನು ತೋರಿಸಿಕೊಡಲು ಆಧಾರವಿರುವುದಿಲ್ಲ.

ರೈತರು ತಳಿಯ ಸ್ಥಳೀಯ ಹೆಸರು, ಭೂಮಿಯ ಬಗೆ, ಬಿತ್ತುವ ಕಾಲ, ಅವಧಿ, ರೋಗ ಹಾಗೂ ನೆರೆ ತಾಳುವ ಗುಣ, ಅಡುಗೆಯ ಉಪಯೋಗ ಇವನ್ನು ಬರೆಸಬೇಕು. ಕ್ಷೇತ್ರ ಸಿಬ್ಬಂದಿಯು ಹಿರಿಯರನ್ನೂ ಬೀಜ ಕಾಯುವ ಹೆಣ್ಣುಮಕ್ಕಳನ್ನೂ ತಪ್ಪದೆ ಕೇಳಬೇಕು.

ಬೀಜ ಉಳಿಸುವ ಕ್ರಮ

1. ಬೀಜದ ತಾಕು ಬೇರೆ ಭತ್ತದ ತಳಿಯಿಂದ ಕನಿಷ್ಠ 3 ಮೀಟರ್ ದೂರವಿರಲಿ.
2. ಹೂ ಬರುವಾಗ ಮತ್ತು ತೆನೆ ಬಲಿತಾಗ ಬೆರಕೆ ಗಿಡಗಳನ್ನು ಕಿತ್ತುಹಾಕಬೇಕು.
3. ಅನೇಕ ಆರೋಗ್ಯವಂತ ಗಿಡಗಳಿಂದ ತೆನೆ ಆರಿಸಬೇಕು. ಒಂದೆರಡು ಗಿಡಗಳ ಬೀಜವನ್ನಷ್ಟೇ ಇಟ್ಟರೆ ತಳಿಯೊಳಗಿನ ವೈವಿಧ್ಯ ಕಡಿಮೆಯಾಗುತ್ತದೆ.
4. ತೇವಾಂಶ ಶೇಕಡಾ 13ಕ್ಕಿಂತ ಹೆಚ್ಚಿಲ್ಲದಂತೆ ಒಣಗಿಸಿ, ಹೆಸರು ಮತ್ತು ವರ್ಷದ ಚೀಟಿ ಹಾಕಿ ಶೇಖರಿಸಬೇಕು.
5. ಪ್ರತಿ ಹಂಗಾಮಿನಲ್ಲಿ ಸ್ವಲ್ಪ ಜಾಗದಲ್ಲಾದರೂ ಬಿತ್ತಿ, ನೆರೆಯ ಇಬ್ಬರು ಮೂವರಿಗೆ ಬೀಜ ಕೊಡಬೇಕು. ಒಬ್ಬರ ಬೆಳೆ ಕೆಟ್ಟರೂ ತಳಿ ಉಳಿಯುತ್ತದೆ.

ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಾಗೂ ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತರಿಗೆ ಕೊಟ್ಟಿದೆ. ತಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ಊರಿನ ತಳಿಗಳ ಹೆಸರು ಸೇರಿದೆಯೇ ಎಂಬುದನ್ನು ರೈತ ಬಾಂಧವರು ಮುಂದಿನ ಬಿತ್ತನೆಗೆ ಮೊದಲೇ ವಿಚಾರಿಸಿ ತಿಳಿಯುವುದು ಒಳ್ಳೆಯದು.