ಮರದ ಮಾರುತ: ದೊಡ್ಡ ಪ್ರಮಾಣದ ವಿಮಾನ ಪ್ರತಿಕೃತಿಗಳ ರಚನೆ ಮತ್ತು ರೂಪಾಂತರ

ಶಿವಮೊಗ್ಗೆಯ ಬಳಿಯ ಸೋಗಾನೆಯಲ್ಲಿ 2023ನೆಯ ಇಸವಿಯ ಫೆಬ್ರವರಿ 27ರಂದು ವಿಮಾನ ನಿಲ್ದಾಣವು ಉದ್ಘಾಟನೆಗೊಂಡಿತು. ಅಂದಿನಿಂದ ನ್ಯಾಮತಿಯ ಸೀಮೆಯ ಹುಡುಗರಿಗೆ ವಿಮಾನವೆಂಬುದು ಪಾಠಪುಸ್ತಕದ ಚಿತ್ರ ಮಾತ್ರವಾಗಿ ಉಳಿದಿಲ್ಲ. ಅಡಿಕೆ ತೋಟದಲ್ಲಿ ನೀರು ಹಾಯಿಸುತ್ತ ನಿಂತವನೂ ಸದ್ದು ಕೇಳಿದೊಡನೆ ತಲೆಯೆತ್ತಿ, ರೆಕ್ಕೆ ಮೇಲಿದೆಯೆ ಕೆಳಗಿದೆಯೆ ಎಂದು ವಿಚಾರಿಸತೊಡಗಿದ್ದಾನೆ. ಇಂಥ ಕುತೂಹಲದಿಂದಲೇ ನಮ್ಮ ವಿಜ್ಞಾನ ಕೂಟದ ವಿದ್ಯಾರ್ಥಿಗಳು ಒಂದು ವಿಮಾನದ ಪ್ರತಿಕೃತಿಯನ್ನು, ಅದೂ ಮೇಜಿನ ತುಂಬ ಕೂರುವಂಥ ದೊಡ್ಡದೊಂದನ್ನು, ಕೈಯಾರೆ ಮಾಡಬೇಕೆಂದು ಹಟ ಹಿಡಿದರು. ಯಾವ ವಿಮಾನವೆಂಬ ಚರ್ಚೆ ಎರಡು ಸಂಜೆ ನಡೆದು, ಕೊನೆಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ 'ಎಚ್.ಎಫ್.-24 ಮಾರುತ'ವೇ ಆಗಲೆಂದು ತೀರ್ಮಾನವಾಯಿತು.

ಈ ಆಯ್ಕೆಗೆ ಇನ್ನೊಂದು ಕಾರಣವೂ ಇತ್ತು. ಮಾರುತದ ಚರಿತ್ರೆಯೇ ಒಂದು ಪ್ರತಿಕೃತಿಯಿಂದ ಮೊದಲಾಗುತ್ತದೆ. ಜರ್ಮನಿಯ ಪ್ರಸಿದ್ಧ ವಿಮಾನ ಶಿಲ್ಪಿ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ನಮ್ಮ ಎಂಜಿನಿಯರುಗಳೊಡನೆ ಶಬ್ದವೇಗದ ಸಮೀಪಕ್ಕೆ ಹೋಗಬಲ್ಲ ಯುದ್ಧವಿಮಾನವೊಂದರ ಕಲ್ಪನೆಯನ್ನು ಕೈಗೊಂಡರು. ಲೋಹದ ವಿಮಾನವನ್ನು ಕಟ್ಟುವ ಮೊದಲು ಅವರು ಅದೇ ಆಕಾರದ, ಅದೇ ಅಳತೆಯ, ಎಂಜಿನ್ನಿಲ್ಲದ ಮರದ ಗ್ಲೈಡರ್ ಒಂದನ್ನು ಮಾಡಿಸಿದರು. 'ಎಕ್ಸ್-241' ಎಂಬುದು ಅದರ ಹೆಸರು. 1959ರಲ್ಲಿ ಡಕೋಟಾ ವಿಮಾನವೊಂದು ಇದನ್ನು ಹಗ್ಗದಿಂದ ಎಳೆದೊಯ್ದು ಆಕಾಶದಲ್ಲಿ ಬಿಡುತ್ತಿತ್ತು. ಚಾಲಕನು ತೇಲುತ್ತ ಇಳಿದು ಬಂದು ಅದರ ಗುಣದೋಷಗಳನ್ನು ವರದಿ ಮಾಡುತ್ತಿದ್ದನು. ಹೀಗೆ 78 ಬಾರಿ ಅದು ಹಾರಿತು. ಪ್ರತಿಕೃತಿ ಎಷ್ಟು ದೊಡ್ಡದಿರಬಹುದು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿಯದು.

ಗಾಳಿಸುರಂಗದಲ್ಲಿ ಪುಟ್ಟ ಪ್ರತಿಕೃತಿಯನ್ನಿಟ್ಟು ಪರೀಕ್ಷಿಸಿದರೆ ಸಾಲದೆ, ಇಷ್ಟು ದೊಡ್ಡದೇಕೆ ಎಂದು ಓದುಗರು ಶಂಕಿಸಬಹುದು. ವಿಮಾನವನ್ನು ನಾವು ಕಿರಿದು ಮಾಡಬಲ್ಲೆವು. ಗಾಳಿಯನ್ನು ಕಿರಿದು ಮಾಡಲಾರೆವು. ಅದರ ಸ್ನಿಗ್ಧತೆ, ಎಂದರೆ ಮೈಗೆ ಅಂಟಿಕೊಳ್ಳುವ ಸ್ವಭಾವ, ಇದ್ದಷ್ಟೇ ಇರುತ್ತದೆ. ಸಣ್ಣ ರೆಕ್ಕೆಗೆ ಅದೇ ಗಾಳಿಯು ಹೆಚ್ಚು 'ದಪ್ಪ'ವಾದ ದ್ರವದಂತೆ ವರ್ತಿಸುವುದು. ಆದಕಾರಣ ಚಿಕ್ಕ ಪ್ರತಿಕೃತಿ ಹೇಳಿದ ಮಾತನ್ನು ಎಚ್ಚರದಿಂದಲೇ ನಂಬಬೇಕು. ಮರದ ಗ್ಲೈಡರಿನಲ್ಲಿ ಗಾತ್ರದ ಈ ತೊಡಕಿಲ್ಲ. ಮುಂದೆ 1961ನೆಯ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿಸಿದರು.

ಇನ್ನು ಪ್ರಮಾಣದ ವಿಚಾರ. ಅಂಗಡಿಗಳಲ್ಲಿ ದೊರೆಯುವ ಪ್ಲಾಸ್ಟಿಕ್ ಕಿಟ್‌ಗಳ ಪೆಟ್ಟಿಗೆಯ ಮೇಲೆ 1/72, 1/48, 1/32, 1/24 ಎಂಬ ಅಂಕಿಗಳನ್ನು ಕಾಣುತ್ತೇವೆ. ಇವು ಅಡಿ-ಅಂಗುಲಗಳ ಕಾಲದ ಲೆಕ್ಕ. ಒಂದು ಅಂಗುಲಕ್ಕೆ ಆರು ಅಡಿಯಾದರೆ 1/72, ನಾಲ್ಕು ಅಡಿಯಾದರೆ 1/48, ಎರಡು ಅಡಿಯಾದರೆ 1/24. ಸಾಮಾನ್ಯವಾಗಿ 1/32 ಮತ್ತು ಅದಕ್ಕಿಂತ ದೊಡ್ಡವನ್ನು 'ದೊಡ್ಡ ಪ್ರಮಾಣ'ದವೆಂದು ಕರೆಯುವರು. ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್, ಎತ್ತರ 3.60 ಮೀಟರ್. 1/72ರಲ್ಲಿ ಇದು 22 ಸೆಂಟಿಮೀಟರ್ ಉದ್ದದ ಆಟಿಕೆ, 1/32ರಲ್ಲಿ 49.6 ಸೆಂಟಿಮೀಟರ್ ಉದ್ದ, 28.1 ಸೆಂಟಿಮೀಟರ್ ಹರವು, 11.25 ಸೆಂಟಿಮೀಟರ್ ಎತ್ತರದ ಗಣ್ಯ ವಸ್ತು. ನಾವು ಆರಿಸಿದ್ದು ಇದನ್ನೇ.

ದೊಡ್ಡದಾದಷ್ಟೂ ಸುಲಭವೆಂದು ಭಾವಿಸಬಾರದು. 1/72ರಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ 7.2 ಸೆಂಟಿಮೀಟರ್ ತಪ್ಪಿದಂತೆ; 1/32ರಲ್ಲಿ ಅದೇ ತಪ್ಪು 3.2 ಸೆಂಟಿಮೀಟರ್ ಮಾತ್ರ. ಲೆಕ್ಕಕ್ಕೆ ಇದು ಲಾಭವೇ. ಆದರೆ ಚಿಕ್ಕದರಲ್ಲಿ ಕಣ್ಣು ಮನ್ನಿಸಿಬಿಡುವುದನ್ನು ದೊಡ್ಡದರಲ್ಲಿ ಮನ್ನಿಸುವುದಿಲ್ಲ. ಚಾಲಕನ ಆಸನದ ಪಟ್ಟಿ, ಚಕ್ರದ ಗೂಡಿನೊಳಗಣ ನಳಿಕೆ, ರೆಕ್ಕೆಯ ಹಿಂದಂಚು ಎಲ್ಲವನ್ನೂ ಅದು ಕೇಳುತ್ತದೆ. ಮೂರು ಮಿಲಿಮೀಟರ್ ದಪ್ಪದ ಅಂಚೊಂದನ್ನು 1/32ಕ್ಕೆ ಇಳಿಸಿದರೆ ಕಾಗದದ ಹಾಳೆಯಷ್ಟು ತೆಳುವಾಗುವುದಷ್ಟೆ. ಮರವನ್ನು ಅಷ್ಟು ತೆಳುವಾಗಿ ಉಜ್ಜಿದರೆ ಅದು ಮುರಿಯುತ್ತದೆ. ನಮ್ಮ ಹುಡುಗರು ಹಿಂದಂಚಿಗೆ ಅಂಚೆ ಕಾರ್ಡಿನ ಸೀಳುಗಳನ್ನು ಅಂಟಿಸಿ ಈ ಕಷ್ಟವನ್ನು ದಾಟಿದರು.

ಒಡಲಿಗೆ ಬೂರುಗದ ಮರವನ್ನು ಬಳಸಿದೆವು. ಇದು ಹಗುರ, ಉಳಿಗೆ ಬೇಗ ಬಗ್ಗುವಂಥದು. ಬೆಂಕಿಕಡ್ಡಿಗೆ ಇದನ್ನು ಉಪಯೋಗಿಸುವುದೂ ಅದಕ್ಕಾಗಿಯೇ. ಆದರೆ ಹಸಿಯಾಗಿದ್ದರೆ ಬೂಷ್ಟು ಹಿಡಿಯುವುದು, ಹುಳು ಬೀಳುವುದು. ಆದ್ದರಿಂದ ಚೆನ್ನಾಗಿ ಒಣಗಿದ ತುಂಡನ್ನೇ ಬಡಗಿಯಿಂದ ಕೇಳಿ ಪಡೆಯತಕ್ಕದ್ದು. ಮೊದಲು ವಿಮಾನದ ಪಕ್ಕನೋಟ ಮತ್ತು ಮೇಲ್ನೋಟಗಳನ್ನು ಚೌಕಳಿ ಕಾಗದದ ಮೇಲೆ ಬೇಕಾದ ಅಳತೆಗೆ ಹಿಗ್ಗಿಸಿ ಬರೆದುಕೊಳ್ಳಬೇಕು. ತುಂಡಿನ ಪಕ್ಕದ ಮೇಲೆ ಒಂದನ್ನೂ ಮೇಲ್ಮೈಯಲ್ಲಿ ಇನ್ನೊಂದನ್ನೂ ಅಂಟಿಸಿ ಗರಗಸದಿಂದ ಕೊಯ್ದರೆ ಚೌಕು ಚೌಕಾದ ಒಡಲು ದೊರೆಯುತ್ತದೆ. ಅದನ್ನು ದುಂಡಗೆ ಮಾಡುವುದೇ ಕುಶಲತೆ. ಐದೈದು ಸೆಂಟಿಮೀಟರಿಗೆ ಒಂದರಂತೆ ಅಡ್ಡಕೊಯ್ತದ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ಉಳಿ ಆಡಿಸಿದಾಗಲೆಲ್ಲ ಆ ರಟ್ಟನ್ನು ಒತ್ತಿ ನೋಡುತ್ತಿರಬೇಕು. ಬೆಳಕು ಎಲ್ಲಿ ತೂರುವುದಿಲ್ಲವೋ ಅಲ್ಲಿ ಇನ್ನೂ ಮರ ಹೆಚ್ಚಿದೆ ಎಂದರ್ಥ. ಉಪ್ಪುಕಾಗದದ ಕೆಲಸ ಕೊನೆಯದು. ಅದರ ವಿಷಯದಲ್ಲಿ ಹೇಳುವುದೇನೂ ಇಲ್ಲ, ತಾಳ್ಮೆಯೊಂದಿದ್ದರೆ ಸಾಕು.

ಈಗ ರೂಪಾಂತರದ ಮಾತಿಗೆ ಬರೋಣ. ಕಿಟ್ ಕಟ್ಟುವವರಲ್ಲಿ ಬಹುಮಂದಿ ಪೆಟ್ಟಿಗೆಯಲ್ಲಿ ಇದ್ದುದನ್ನು ಇದ್ದಂತೆಯೇ ಜೋಡಿಸಿ ತೃಪ್ತರಾಗುವುದಿಲ್ಲ. ಒಂದೇ ವಿಮಾನದ ಬೇರೊಂದು ಅವತಾರವನ್ನು ಅದರಿಂದ ಹೊರಡಿಸಲು ಯತ್ನಿಸುತ್ತಾರೆ. ನಮ್ಮವರಿಗೂ ಇದೇ ಹಂಬಲ ಹುಟ್ಟಿ, ಒಬ್ಬ ಚಾಲಕನ ಮಾರುತದ ಬದಲು ತರಬೇತಿಗಾಗಿ ಮಾಡಿದ ಇಬ್ಬರು ಕೂರುವ ಮಾರುತವನ್ನೇ ಮಾಡುವುದೆಂದಾಯಿತು. ತಯಾರಾದ 147 ಮಾರುತಗಳಲ್ಲಿ ಇಂಥವು 18 ಮಾತ್ರ. ಇದರ ಮೊದಲ ಹಾರಾಟ 1970ನೆಯ ಏಪ್ರಿಲ್ 30ರಂದು ನಡೆಯಿತು.

ಇಲ್ಲಿಯೇ ನಾವು ಎಡವಿದೆವು. ಅದನ್ನು ಮುಚ್ಚಿಡದೆ ಹೇಳುವುದು ಲೇಸು. ಅದೇ ಕಾರ್ಖಾನೆಯ 'ಅಜೀತ'ವೆಂಬ ಪುಟ್ಟ ವಿಮಾನದ ತರಬೇತಿ ರೂಪವು 1982ರಲ್ಲಿ ಹಾರಿದುದನ್ನೂ, ಎರಡನೆಯ ಆಸನಕ್ಕಾಗಿ ಅದರ ಒಡಲನ್ನು 1.4 ಮೀಟರ್ ಉದ್ದ ಮಾಡಿದುದನ್ನೂ ಓದಿದ್ದೆವು. ಇಬ್ಬರು ಕೂರಬೇಕಾದರೆ ಸ್ಥಳ ಬೇಕು, ಸ್ಥಳ ಬೇಕಾದರೆ ಒಡಲು ಉದ್ದವಾಗಬೇಕು. ಮಾರುತಕ್ಕೂ ಇದೇ ನ್ಯಾಯವೆಂದು ಯಾರೂ ಪ್ರಶ್ನಿಸದೆ ಒಪ್ಪಿದೆವು. 1.4 ಮೀಟರನ್ನು 32ರಿಂದ ಭಾಗಿಸಿದರೆ 4.4 ಸೆಂಟಿಮೀಟರ್. ಚಾಲಕನ ಕೋಣೆಯ ಹಿಂದೆ ಒಡಲನ್ನು ಕೊಯ್ದು ಅಷ್ಟುದ್ದದ ತುಂಡನ್ನು ಕೂಡಿಸಿ, ಪುಟ್ಟಿ ಬಳಿದು, ಉಜ್ಜಿ, ಸಂತೋಷಪಟ್ಟೆವು. ತಾಲ್ಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ಇನ್ನು ಹತ್ತೇ ದಿನಗಳಿದ್ದುವು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿಕೃತಿಯನ್ನು ದೂರದಿಂದ ನೋಡಿ, "ಸಾರ್, ಇದು ಯಾಕೋ ಹಾವಿನ ಹಾಗೆ ಕಾಣ್ತದೆ" ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ. ಇಬ್ಬರು ಕೂರುವ ಮಾರುತವನ್ನು ದೂರದಿಂದ, ನೇರ ಪಕ್ಕಕ್ಕೆ ನಿಂತು ತೆಗೆದ ಛಾಯಾಚಿತ್ರವೊಂದರ ಮೇಲೆ ಅಳತೆಪಟ್ಟಿಯನ್ನಿಟ್ಟು, ಉದ್ದವನ್ನು ಎತ್ತರದಿಂದ ಭಾಗಿಸಿದಳು. ಸುಮಾರು 4.4 ಬಂದಿತು. ನಿಜವಾದ ಒಂಟಿ ಮಾರುತದಲ್ಲಿಯೂ 15.87 ಭಾಗಿಸು 3.60 ಎಂದರೆ 4.41. ನಮ್ಮದರಲ್ಲಾದರೋ 54 ಭಾಗಿಸು 11.25, ಎಂದರೆ 4.8! ಚಿತ್ರ ಯಾವ ಗಾತ್ರದ್ದಾದರೂ ಸರಿ, ಎರಡು ಉದ್ದಗಳ ನಿಷ್ಪತ್ತಿ ಬದಲಾಗುವುದಿಲ್ಲ ಎಂಬುದನ್ನು ರೇಖಾಗಣಿತದಲ್ಲಿ ಎಲ್ಲರಿಗೂ ಕಲಿಸಿದ್ದೆವು. ಅದನ್ನು ಉಪಯೋಗಿಸಿದವಳು ಅವಳೊಬ್ಬಳೇ.

ಹಾಗಾದರೆ ಎರಡನೆಯವನು ಕುಳಿತುದೆಲ್ಲಿ? ಹುಡುಕುತ್ತ ಹೋದಾಗ ಉತ್ತರವು ವಿಮಾನದ ಹೊಟ್ಟೆಯೊಳಗಿತ್ತು. ಒಂಟಿ ಮಾರುತದಲ್ಲಿ ಚಾಲಕನ ಹಿಂದೆ, ಒಡಲಿನೊಳಕ್ಕೆ ಮಡಚಿಕೊಳ್ಳುವ ರಾಕೆಟ್ಟುಗಳ ಗೂಡೊಂದು ಇತ್ತು. 50 ರಾಕೆಟ್ಟುಗಳು ಅದರಲ್ಲಿ ಹಿಡಿಯುತ್ತಿದ್ದುವು. ತರಬೇತಿ ವಿಮಾನಕ್ಕೆ ಅದು ಅಗತ್ಯವಲ್ಲ. ಅದನ್ನು ತೆಗೆದುಹಾಕಿದಾಗ ತೆರವಾದ ಸ್ಥಳದಲ್ಲಿ ಎರಡನೆಯ ಆಸನವು ಕುಳಿತಿತು. ಒಡಲಿನ ಉದ್ದವನ್ನು ಹೆಚ್ಚಿಸಲಿಲ್ಲ. ಅಜೀತವು ಬಹು ಪುಟ್ಟ ವಿಮಾನ. ಅದರಲ್ಲಿ ಹಾಗೆ ತೆರವು ಮಾಡಬಹುದಾದ ಕೋಣೆಯಿರಲಿಲ್ಲ. ಎರಡು ವಿಮಾನಗಳಿಗೆ ಒಂದೇ ಅಗತ್ಯ ಬಂದೊದಗಿದರೂ ಪರಿಹಾರಗಳು ಬೇರೆಯಾದುದು ಹೀಗೆ.

ರೂಪಾಂತರವನ್ನು ವೇಷ ಬದಲಾವಣೆಯೆಂದು ತಿಳಿಯುವವರಿಗೆ ಇನ್ನೊಂದು ಸಂಗತಿಯನ್ನು ನೆನಪಿಸಬೇಕು. ಮಾರುತದ ಎಂಜಿನ್ನುಗಳ ಶಕ್ತಿ ಸಾಲದೆಂಬ ಕೊರತೆ ಮೊದಲಿನಿಂದಲೂ ಇತ್ತು. ಅದನ್ನು ನೀಗಿಸಲು, ಬಾಲದಲ್ಲಿ ಮತ್ತೆ ಇಂಧನ ಉರಿಸುವ ಏರ್ಪಾಡಿನೊಡನೆ ಬೇರೊಂದು ರೂಪವನ್ನು ಪ್ರಯೋಗಿಸಲಾಯಿತು. ಆ ವಿಮಾನವನ್ನು ಹಾರಿಸುತ್ತಿದ್ದಾಗಲೇ 1970ನೆಯ ಜನವರಿ 10ರಂದು ಅಪಘಾತವಾಗಿ ಸುರಂಜನ್ ದಾಸ್ ಅವರು ಮಡಿದರು. ಬೆಂಗಳೂರಿನಲ್ಲಿ ಕಾರ್ಖಾನೆಯ ಬಳಿಯ ರಸ್ತೆಗೆ ಅವರ ಹೆಸರಿದೆ. ಪ್ರವಾಸಕ್ಕೆ ಹೋದವರು ಗಮನಿಸಬಹುದು. ಅಲ್ಲಿಯೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಜವಾದ ಮಾರುತವೊಂದನ್ನು ನಿಲ್ಲಿಸಿದ್ದಾರೆ. ನಾವು ಮೊದಲು ಅಲ್ಲಿಗೆ ಹೋಗಿ, ಆಮೇಲೆ ಗರಗಸ ಹಿಡಿಯಬೇಕಿತ್ತು.

ಒಡಲನ್ನು ಮತ್ತೆ ಕೊಯ್ದೆವು. ಕೂಡಿಸಿದ ತುಂಡನ್ನು ತೆಗೆದು ಒಳಗೆ ಬಿದಿರಿನ ಗೂಟವಿಟ್ಟು ಅಂಟಿಸಿದೆವು. ಇನ್ನುಳಿದುದು ಇಬ್ಬರ ಮೇಲಣ ಪಾರದರ್ಶಕ ಮುಚ್ಚಳ. ಇದಕ್ಕೆ ತಂಪು ಪಾನೀಯದ ಖಾಲಿ ಬಾಟಲಿಯೇ ಸಾಕು. ಮುಚ್ಚಳದ ಆಕಾರವನ್ನು ಮರದಲ್ಲಿ ನುಣುಪಾಗಿ ಕೆತ್ತಿ, ಬಾಟಲಿಯೊಳಗೆ ಬಿಗಿಯಾಗಿ ಕೂರಿಸಿ, ಬಿಸಿಗಾಳಿ ಊದುವ ಯಂತ್ರದಿಂದ ಸುತ್ತಲೂ ಕಾಯಿಸಿದರೆ ಪ್ಲಾಸ್ಟಿಕ್ಕು ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಈ ಚಮತ್ಕಾರಕ್ಕೆ ಕಾರಣವಿದೆ. ಬಾಟಲಿಯನ್ನು ತಯಾರಿಸುವಾಗ ಸಣ್ಣ ನಳಿಕೆಯೊಂದನ್ನು ಕಾಯಿಸಿ ಊದಿ ಹಿಗ್ಗಿಸಿರುತ್ತಾರೆ. ಅದರ ಉದ್ದುದ್ದನೆಯ ಅಣುಗಳು ಎಳೆದ ಸ್ಥಿತಿಯಲ್ಲಿಯೇ ತಣ್ಣಗಾಗಿರುತ್ತವೆ. ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅವಕ್ಕೆ ಅಲುಗಾಡುವ ಸ್ವಾತಂತ್ರ್ಯ ಬಂದು, ಮೊದಲಿನಂತೆ ಮುದುಡಿಕೊಳ್ಳುತ್ತವೆ. ಈ ಕೆಲಸವನ್ನು ದೊಡ್ಡವರ ಎದುರಿನಲ್ಲಿ, ದಪ್ಪ ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಮಾಡಬೇಕು. ನಮ್ಮ ಮೊದಲ ಎರಡು ಮುಚ್ಚಳಗಳು ಸುಕ್ಕಾದುವು, ಮೂರನೆಯದು ಸರಿಹೋಯಿತು.

ಕೊನೆಯದಾಗಿ ತೂಕ. ನಿಜವಾದ ಮಾರುತದ ಬರಿಯ ತೂಕ ಸುಮಾರು 6,200 ಕಿಲೋಗ್ರಾಂ. ಉದ್ದವು 32 ಪಾಲು ಇಳಿದರೆ ತೂಕವು 32ರ ಘನದಷ್ಟು, ಎಂದರೆ 32,768 ಪಾಲು ಇಳಿಯಬೇಕು; ಬರುವುದು 189 ಗ್ರಾಂ. ನಮ್ಮ ಪ್ರತಿಕೃತಿ ತಕ್ಕಡಿಯಲ್ಲಿ 400 ಗ್ರಾಂ ತೂಗಿತು. ಲೋಹದ ವಿಮಾನಕ್ಕಿಂತ ಹಗುರವಾದ ಮರವು ಹೆಚ್ಚು ತೂಗುವುದೆ! ನಿಜವಾದ ವಿಮಾನವು ಬಹುಮಟ್ಟಿಗೆ ತೆಳು ತಗಡಿನ ಟೊಳ್ಳು, ನಮ್ಮದು ಗಟ್ಟಿ ಎಂಬುದನ್ನು ಇದರಿಂದಲೇ ಊಹಿಸಬಹುದು. ಚಕ್ರಗಳ ಮೇಲೆ ನಿಲ್ಲಿಸಿದಾಗ ಅದು ಬಾಲದ ಮೇಲೆ ಕುಳಿತುಬಿಟ್ಟಿತು. ಬೆರಳ ಮೇಲೆ ತೂಗಿ ನೋಡಿದರೆ ಗುರುತ್ವಕೇಂದ್ರವು ಹಿಂದಿನ ಜೋಡಿಚಕ್ರಗಳಿಗಿಂತ 2 ಸೆಂಟಿಮೀಟರ್ ಹಿಂದಿದೆ. ಸನ್ನೆಗೋಲಿನ ಲೆಕ್ಕದಂತೆ 400ನ್ನು 2ರಿಂದ ಗುಣಿಸಿದರೆ 800. ಮೂಗಿನಲ್ಲಿ, ಚಕ್ರದಿಂದ 20 ಸೆಂಟಿಮೀಟರ್ ಮುಂದೆ, 40 ಗ್ರಾಂ ಸೀಸವಿಟ್ಟರೆ ಎರಡೂ ಸಮ. ಸಮವಾದರೆ ಸಾಲದು, ಮೂಗಿನ ಚಕ್ರ ನೆಲವನ್ನು ಒತ್ತಿರಬೇಕು; ಅದಕ್ಕಾಗಿ ಮೀನುಗಾರರು ಬಲೆಗೆ ಕಟ್ಟುವ ಸೀಸದ ಗುಂಡುಗಳಿಂದ 50 ಗ್ರಾಮಿನಷ್ಟು ತುಂಬಿದೆವು. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಮೂಗನ್ನು ಅಂಟಿಸಿ ಬಣ್ಣ ಬಳಿಯುವ ಮೊದಲೇ ಈ ಲೆಕ್ಕ ಮುಗಿದಿರಬೇಕು. ನಮ್ಮವರಿಗೆ ಅದು ಹೊಳೆದುದು ಬಣ್ಣ ಒಣಗಿದ ಮೇಲೆ; ಆದಕಾರಣ ನಮ್ಮ ಮಾರುತದ ಮೂಗಿನ ಅಡಿಯಲ್ಲಿ, ಮಗುಚಿ ನೋಡಿದವರಿಗೆ ಮಾತ್ರ ಕಾಣುವಂತೆ, ಪುಟ್ಟಿ ತುಂಬಿದ ತೂತೊಂದು ಉಳಿದಿದೆ.